ರಮಾಕಾಂತರಾಯರ ತಿದ್ದುಪಡಿ

ಹುಬ್ಬಳ್ಳಿಯ ಬೆಂಗೇರಿಯ ನಮ್ಮ ಓಣಿಯಲ್ಲಿ ಇಪ್ಪತ್ತೊಂದು ಮನೆಗಳಿವೆ. ನಮ್ಮದು ಹನ್ನೊಂದನೆಯದು. ಅಂದರೆ ಈ ತುದಿಯಿಂದ ಎಣಿಸಿದರೂ ಆ ತುದಿಯಿಂದ ಎಣಿಸಿದರೂ ನಾವು ನಟ್ಟನಡುವೆಯೇ ಬರುತ್ತೇವೆ. ಇದರಲ್ಲಿ ನನ್ನ ಹೆಗ್ಗಳಿಕೆ ಏನೂ ಇಲ್ಲ, ಪ್ಲಾಟು ಸಿಕ್ಕಿದ್ದೇ ಹಾಗೆ. ಆದರೆ ಓಣಿಯಲ್ಲಿ ನೀರಿನ ಜಗಳ ಎದ್ದಾಗಲೆಲ್ಲ ನನ್ನನ್ನೇ ಅಧ್ಯಕ್ಷನನ್ನಾಗಿ ಕೂಡಿಸುತ್ತಾರೆ. ನನ್ನ ನ್ಯಾಯಬುದ್ಧಿಯನ್ನು ಮೆಚ್ಚಿಯೇ ಹೀಗೆ ಮಾಡುತ್ತಾರೆಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. ಹಾಗಲ್ಲ, ನೀರು ಯಾವ ಕಡೆಯಿಂದ ಬಂದರೂ ನನಗೆ ಲಾಭವಿಲ್ಲ ಎಂಬುದೇ ಕಾರಣವೆಂದು ನನ್ನ ಹೆಂಡತಿ ಒಂದು ದಿನ ತಿಳಿಸಿ ಹೇಳಿದಳು.

ನಮ್ಮಲ್ಲಿ ನಲ್ಲಿಯ ನೀರು ತನಗೆ ಮನಸ್ಸು ಬಂದಾಗ ಬರುತ್ತದೆ. ವಾರಕ್ಕೊಮ್ಮೆ ಬಂದರೆ ಆ ವಾರ ಒಳ್ಳೆಯದು. ಬಂದ ನೀರು ಓಣಿಯ ದೊಡ್ಡ ತೊಟ್ಟಿಯಲ್ಲಿ ತುಂಬುತ್ತದೆ. ಅಲ್ಲಿಂದ ವಾಲ್ವ್ ತಿರುಗಿಸುವ ಮುಕ್ತಾರ ಒಂದೊಂದೇ ಮನೆಗೆ ಪಾಳಿಯ ಪ್ರಕಾರ ಬಿಡುತ್ತಾನೆ. ಮೊದಲ ಮನೆಗಳಿಗೆ ನೀರು ಧೋ ಎಂದು ಬೀಳುತ್ತದೆ, ಕಡೆಯ ಮನೆಗಳಿಗೆ ಬರುವ ಹೊತ್ತಿಗೆ ಸುತಳಿ ದಾರದಷ್ಟು ಸಣ್ಣಗಾಗಿರುತ್ತದೆ. ಹೀಗಾಗಿ ಈ ಸಲ ಪಾಳಿ ಯಾರಿಂದ ಶುರು ಎಂಬ ಪ್ರಶ್ನೆಗಾಗಿ ನಮ್ಮ ಓಣಿಯಲ್ಲಿ ಗೆಳೆತನಗಳು ಮುರಿದಿವೆ, ಒಂದು ಸಾರಿ ಮುಕ್ತಾರನ ಸೈಕಲ್ಲೂ ಮುರಿದಿದೆ.

ಇಪ್ಪತ್ತೊಂದನೆಯ ಮನೆ ರಮಾಕಾಂತರಾಯರದು. ಧಾರವಾಡದ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಹುಬ್ಬಳ್ಳಿಗೆ ಬಂದು ಎಷ್ಟೋ ವರ್ಷವಾದರೂ ಈಗಲೂ ಧಾರವಾಡದಿಂದ ಎರಡು ದಿನದ ಮಟ್ಟಿಗೆ ಬಂದಿರುವ ಅತಿಥಿಯ ಹಾಗೆ ನಡೆದುಕೊಳ್ಳುತ್ತಾರೆ. ಒಳ್ಳೆಯ ಮನುಷ್ಯ. ಒಂದೇ ಒಂದು ಚಟ. ತಮ್ಮ ಮುಂದೆ ಬಂದ ಯಾವ ಬರಹವನ್ನೂ ತಿದ್ದದೆ ಬಿಡುವುದಿಲ್ಲ. ಸರ್ವಿಸಿನ ಉದ್ದಕ್ಕೂ ಗುಮಾಸ್ತರು ಬರೆದು ತಂದ ಪ್ರತಿಯೊಂದು ಕಾಗದದಲ್ಲಿ ಒಂದಾದರೂ ತಿದ್ದುಪಡಿ ಮಾಡಿಯೇ ಸಹಿ ಹಾಕಿದವರು. ತಪ್ಪು ಇರದಿದ್ದರೆ 'ಕಳಿಸಲಾಗಿದೆ' ಎಂಬುದನ್ನು ಹೊಡೆದು 'ರವಾನಿಸಲಾಗಿದೆ' ಎಂದು ಬರೆಯುತ್ತಿದ್ದರು, ಗುಮಾಸ್ತನೇ 'ರವಾನಿಸಲಾಗಿದೆ' ಎಂದು ಬರೆದು ತಂದರೆ 'ಕಳಿಸಲಾಗಿದೆ' ಎಂದು ಮಾಡುತ್ತಿದ್ದರು. ಮಗ ಆಶಿಷನ ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ಐದು ನೂರು ಪ್ರತಿಗಳಲ್ಲಿಯೂ ಕೈಯಿಂದ ಒಂದು ಅಲ್ಪವಿರಾಮ ಹಾಕಿದರು. ನಮ್ಮ ಮನೆಗೆ ಬಂದ ಪ್ರತಿಯಲ್ಲಿ ಅದು ವರನ ಹೆಸರಿನ ನಡುವೆ ಬಿದ್ದಿತ್ತು.

ಆ ಲಗ್ನದಿಂದ ಬಂದ ಸೊಸೆ ಪ್ರಾಚಿ. ಆಶಿಷನ ನೌಕರಿ ಬೇರೆ ಊರಲ್ಲಿ, ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಾನೆ. ಮನೆಯಲ್ಲಿಯೇ ಕೂತು ಒಂದು ಕಂಪನಿಗೆ ವಿಮೆಯ ಲೆಕ್ಕ ಮಾಡಿಕೊಡುತ್ತಾಳೆ. ಅದಕ್ಕೆ ಅವಳು ಬಳಸುವ ಕಂಪ್ಯೂಟರ್ ಭಾಷೆಯಲ್ಲಿ ಶಬ್ದಗಳೇ ಇಲ್ಲ, ಬರೀ ಚಿಹ್ನೆಗಳು. ಆ ಭಾಷೆಯ ಹೆಸರು ಮೂರು ಇಂಗ್ಲಿಷ್ ಅಕ್ಷರ. ಆದರೆ ಅವನ್ನು ಹೇಳಿದರೆ ನಮ್ಮ ಕಡೆ ಎಲ್ಲರೂ ರೇಷನ್ ಕಾರ್ಡಿನ ಮಾತೆಂದು ತಿಳಿಯುತ್ತಾರಾದ್ದರಿಂದ ಇಲ್ಲಿ ಹೇಳುವುದಿಲ್ಲ. ಇದನ್ನು ಬರೆಯಲು ಬೇರೆಯದೇ ಕೀಬೋರ್ಡ್ ಬೇಕು. ಅದು ಕೊರಿಯರಿನಲ್ಲಿ ಬಂದ ದಿನ ನಾವೆಲ್ಲ ಹೋಗಿ ನೋಡಿ ಬಂದೆವು. ಒಂದೊಂದು ಕೀಲಿಯ ಮೇಲೂ ಇಂಗ್ಲಿಷ್ ಅಕ್ಷರದ ಪಕ್ಕಕ್ಕೆ ಒಂದು ಚಿಹ್ನೆ. ತಲೆಕೆಳಗಾದ ತ್ರಿಕೋಣ, ಬರೀ ಚೌಕ, ಹೊಟ್ಟೆಯಲ್ಲಿ ಗೆರೆ ಇರುವ ಸೊನ್ನೆ, ಹೀಗೆ. ಮೂಲೆಯ ಒಂದು ಕೀಲಿಯನ್ನು ಹಿಡಿದುಕೊಂಡು ಅಕ್ಷರ ಒತ್ತಿದರೆ ಚಿಹ್ನೆ ಮೂಡುತ್ತದೆ, ಜೊತೆಗೆ ಇನ್ನೊಂದು ಕೀಲಿಯನ್ನೂ ಹಿಡಿದುಕೊಂಡರೆ ಬೇರೆ ಚಿಹ್ನೆ ಮೂಡುತ್ತದೆ.

ಓಣಿಗೆ ಹೊಸಬಳಾದ ಪ್ರಾಚಿಗೆ ಮೊದಲು ಸಿಕ್ಕ ಗೆಳತಿ ಒಂದನೆಯ ಮನೆಯ ಸ್ವೀಟಿ. ಮಿಶನ್ ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದ ಪ್ರಭುದಾಸ ಮತ್ತು ಎಮಿಲಿಯವರ ಮಗಳು. ಚಿಹ್ನೆಗಳ ಚಂದ ನೋಡಲೆಂದು ಬಂದವಳು ದಿನಾ ಬರತೊಡಗಿದಳು. ಸ್ವೀಟಿಯ ಮದುವೆ ಗೊತ್ತಾದಾಗ ಚರ್ಚಿನಲ್ಲಿ ತನ್ನ ಪಕ್ಕಕ್ಕೆ ಪ್ರಾಚಿಯೇ ನಿಲ್ಲಬೇಕೆಂದು ಹಟ ಹಿಡಿದಳು. ಪ್ರಾಚಿ ಅದಕ್ಕಾಗಿ ಸೀರೆ ತೆಗೆದಿಟ್ಟು ತಿಂಗಳಾಗಿತ್ತು. ಈ ಊರಲ್ಲಿ ಮನೆಯ ಹೊರಗೆ ಅವಳಿಗೆ ತನ್ನವರೆಂದು ಇದ್ದದ್ದು ಸ್ವೀಟಿ ಒಬ್ಬಳೇ.

ನೀರಿನ ಪಾಳಿಯನ್ನು ಕಂಪ್ಯೂಟರಿಗೆ ಹಚ್ಚುವ ವಿಚಾರ ಸ್ವೀಟಿಯದೇ. ಪ್ರಾಚಿ ಒಪ್ಪಿ ಒಂದು ಸಾಲು ಬರೆದಳು. ಓಣಿಯ ಸೆಕ್ರೆಟರಿ ಶಿವಯೋಗೀಶ ನಮ್ಮೆಲ್ಲರನ್ನೂ ರಾಯರ ಮನೆಯ ಕಟ್ಟೆಗೆ ಕರೆದರು. ಇವರು ಗುಮಾಸ್ತರಾಗಿ ನಿವೃತ್ತರಾದವರು, ಸಭೆ ಕರೆಯದೆ ಚಹಾ ಕೂಡ ಕುಡಿಯುವವರಲ್ಲ. ಪ್ರಾಚಿ ಲ್ಯಾಪ್‌ಟಾಪ್ ತಂದಿಟ್ಟಳು. ಪರದೆಯ ಮೇಲೆ ಒಂದು ಸಾಲು, ಬೊಟ್ಟಿನಷ್ಟು ಉದ್ದ.

"ಮುಂದಿಂದು ತೋರಸ್ರಿ" ಎಂದರು ಶಿವಯೋಗೀಶ.

"ಮುಂದ ಏನೂ ಇಲ್ರಿ. ಇಷ್ಟs" ಎಂದಳು ಪ್ರಾಚಿ.

"ಇಪ್ಪತ್ತೊಂದು ಮನಿ ಅದಾವ ತಂಗಿ! ಇದರಾಗ ಇಪ್ಪತ್ತೊಂದು ಅಕ್ಷರಾನೂ ಇಲ್ಲಲ್ಲ?"

ಎಮಿಲಿಯವರು ಕನ್ನಡಕ ಏರಿಸಿ ಬಗ್ಗಿದರು. "ಇದರಾಗ ನಮ್ಮ ಮನಿ ಯಾವುದು? ಈ ಗುಂಡಗಿಂದೇನು?"

"ಯಾವುದೂ ಯಾರ ಮನಿನೂ ಅಲ್ರಿ ಆಂಟಿ. ಇದು ಮನಿ ಎಲ್ಲಾ ಸಾಲಾಗಿ ನಿಲ್ಲಸ್ತದ. ಈ ಗುಂಡಗಿಂದು ಪಾಳಿ ತಿರಗಸ್ತದ. ಈ ಸಲ ಮೊದಲಿದ್ದವರು ಮುಂದಿನ ಸಲ ಕಡೀಕ ಹೋಗ್ತಾರ. ಯಾರಿಗೂ ಅನ್ಯಾಯ ಇಲ್ಲ."

"ಅಂದ್ರ ನಮ್ಮ ಹೆಸರ್ಲೆ ಒಂದು ಅಕ್ಷರಾನೂ ಇಲ್ಲ" ಎಂದು ಎಮಿಲಿಯವರು ಸ್ವಲ್ಪ ಬೇಜಾರುಪಟ್ಟುಕೊಂಡರು.

ಶಿವಯೋಗೀಶ ತಲೆ ತುರಿಸಿಕೊಂಡರು. "ಅಧ್ಯಕ್ಷರ, ಇಂಥಾದ್ದನ್ನ ಯಾರರ ಹಿರೇರು ನೋಡಿ ಪಾಸ್ ಮಾಡಬೇಕಲ್ರಿ. ಬರದವರ ಬ್ಯಾರೆ, ಪಾಸ್ ಮಾಡವರ ಬ್ಯಾರೆ ಇರಬೇಕು. ಇಲ್ಲಂದ್ರ ನಾಳೆ ತಕರಾರು."

ನಾನು ಅಧ್ಯಕ್ಷನಾಗಿ ಗಂಭೀರವಾಗಿ ಸುತ್ತಲೂ ನೋಡಿದೆ. ಆ ಭಾಷೆ ತಿಳಿದವರು ಓಣಿಯಲ್ಲಿ ಮಾತ್ರವಲ್ಲ, ಊರಾಚೆಯ ಗಬ್ಬೂರ ಬೈಪಾಸಿನ ತನಕ ಹುಡುಕಿದರೂ ಸಿಗುವ ಹಾಗಿರಲಿಲ್ಲ. ಆಗ ರಮಾಕಾಂತರಾಯರು ಕೆಮ್ಮಿದರು.

"ಅದರ ಚಿಂತಿ ಬಿಡ್ರಿ. ಪ್ರಾಚಿ ಬರದದ್ದೆಲ್ಲಾ ನನ್ನ ಕಣ್ಣಿನ ಕೆಳಗ ಹಾದs ಹೋಗ್ತದ. ಆಕಿ ಬರೀತಾಳ, ನಾ ತಿದ್ದತೀನಿ."

ಪ್ರಾಚಿ ಒಮ್ಮೆ ಮಾವನ ಮುಖ ನೋಡಿ ತಲೆ ತಗ್ಗಿಸಿದಳು. ನಾಲ್ಕು ಜನರ ಮುಂದೆ ಮಾವನನ್ನು ಸುಳ್ಳುಗಾರನನ್ನಾಗಿ ಮಾಡುವ ಹುಡುಗಿ ಅವಳಲ್ಲ. ನಾವಂತೂ ಆ ಮಾತನ್ನು ಒಂದು ಗಳಿಗೆಯೂ ನಂಬಲಿಲ್ಲ. ಫೋನಿನ ಸಪ್ಪಳ ಸಣ್ಣದು ಮಾಡಲು ಅದನ್ನು ಗಾದಿಯ ಕೆಳಗೆ ಇಡುವ ಮನುಷ್ಯ ಅವರು. ಆದರೂ ಹಿರಿಯರ ಮರ್ಯಾದೆಗೆಂದು ಎಲ್ಲರೂ ನಂಬಿದವರ ಹಾಗೆ ಗೋಣು ಹಾಕಿದೆವು. ಸಭೆ ಮುಗಿಯಿತು. ಈ ಸಲದ ಪಾಳಿ ಒಂದನೆಯ ಮನೆಯಿಂದ ಎಂದು ತೀರ್ಮಾನವಾಯಿತು. ನೀರು ಬಿಡುತ್ತೇವೆಂದು ಪಾಲಿಕೆಯವರು ಈ ಸಲ ಮೊದಲೇ ತಿಳಿಸಿದ್ದ ದಿನವೇ ಆ ಮನೆಯಲ್ಲಿ ಸ್ವೀಟಿಯ ಅರಿಶಿನ, ಗದಗಿನಿಂದ ಬೀಗರು, ಅಂಗಳದಲ್ಲಿ ಪುಲಾವಿನ ದೊಡ್ಡ ಹಂಡೆಗಳು. ಯಾರೂ ತಕರಾರು ಮಾಡಲಿಲ್ಲ. ಇನ್ನು ಮುಂದೆ ಫೋನಿನಲ್ಲಿ ಬಂದ ಕ್ರಮ ಬಿಟ್ಟು ಯಾರ ಮಾತನ್ನೂ ಕೇಳಕೂಡದೆಂದು ಮುಕ್ತಾರನಿಗೆ ಕಟ್ಟಪ್ಪಣೆಯಾಯಿತು. ಅವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಮುಂದೆ ನಡೆದದ್ದನ್ನು ರಾಯರೇ ನನಗೆ ಆಮೇಲೆ ಹೇಳಿದ್ದು.

ನೀರು ಬರುವ ಹಿಂದಿನ ದಿನ ಮಧ್ಯಾಹ್ನ ಪ್ರಾಚಿ ಚಪ್ಪಲಿ ಮೆಟ್ಟುತ್ತ ಅಂದಳಂತೆ. "ಮಾವಾ, ಸ್ವೀಟಿ ಜೋಡಿ ಪ್ಯಾಟಿಗೆ ಹೋಗಿ ಬರ್ತೀನಿ. ಸಾಲು ಪರದೆ ಮ್ಯಾಲೆ ಇಟ್ಟೀನಿ. ಓಣಿಯವರು ಹೇಳ್ಯಾರಲ್ಲ, ಒಮ್ಮೆ ನೋಡಿಬಿಡ್ರಿ."

ರಾಯರು ಮುಖ ತೊಳೆದು, ಕನ್ನಡಕ ಒರೆಸಿ, ಕುರ್ಚಿ ಎಳೆದುಕೊಂಡು ಕೂತರು. ಎಡದಿಂದ ಬಲಕ್ಕೆ ಓದಿದರು. ಮತ್ತೊಮ್ಮೆ ನಿಧಾನವಾಗಿ ಓದಿದರು. ಏನೂ ತಿಳಿಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಎದ್ದು ಚಹಾ ಕೇಳುತ್ತಿದ್ದರು. ರಾಯರಿಗೆ ಏಳಲಾಗಲಿಲ್ಲ. ಮುಂದೆ ಒಂದು ಬರಹ ಇದೆ, ತಿದ್ದುಪಡಿ ಇಲ್ಲ. ಹಾಗೆಯೇ ಎದ್ದು ಹೋದರೆ ಸೂಪರಿಂಟೆಂಡೆಂಟ್ ಸಾಹೇಬರು ಓದಲೇ ಇಲ್ಲ ಎಂದಾಗುತ್ತದೆ. ಒಂದೊಂದೇ ಚಿಹ್ನೆಯನ್ನು ಪರೀಕ್ಷಿಸಿದರು. ಅವುಗಳಲ್ಲಿ ಗುಂಡಗಿನದು, ನಡುವೆ ನೆಟ್ಟಗೆ ಗೆರೆ ಇದ್ದದ್ದು, ಅವರ ಮನಸ್ಸಿಗೆ ಬಂತು. ಅಂಥದು ಸಾಲಿನ ನಡುವೆ ಒಂದಿತ್ತು, ಮುಂದೆ, ಅಂದರೆ ಎಡತುದಿಗೆ, ಇರಲಿಲ್ಲ. ಮುಂದೆ ಬೋಳು ಬೋಳಾಗಿ ಕಂಡಿತು.

ಕೀಲಿ ಒತ್ತಿದರು. ಅಂಕಿ ಬಿತ್ತು. ಅಳಿಸಿದರು. ಪ್ರಾಚಿ ಮೂಲೆಯ ಕೀಲಿ ಹಿಡಿದುಕೊಳ್ಳುವುದು ನೆನಪಾಯಿತು. ಅದನ್ನು ಹಿಡಿದು ಒತ್ತಿದರು, ಬೇರೆ ಏನೋ ಬಿತ್ತು. ಅದನ್ನೂ ಅಳಿಸಿದರು. ಎರಡು ಕೀಲಿ ಹಿಡಿದು ಮೂರನೆಯದನ್ನು ಒತ್ತಿದಾಗ ಗುಂಡಗಿನದು ಬಂದು ಸಾಲಿನ ಮುಂದೆ ಕೂತಿತು. ರಾಯರು ಹಿಂದಕ್ಕೆ ಸರಿದು ನೋಡಿದರು. ಈಗ ಕಾಗದಕ್ಕೆ ಒಂದು ಕಳೆ ಬಂತೆಂದು ಅವರಿಗೆ ಅನ್ನಿಸಿತು.

ಸಂಜೆ ಪ್ರಾಚಿ ಬಳೆಗಳ ಪೊಟ್ಟಣ ಹಿಡಿದು ಬಂದವಳು ನಿಂತಲ್ಲಿಯೇ ಕೇಳಿದಳು. "ನೋಡಿದ್ರೇನು ಮಾವಾ?"

"ನೋಡೀನಿ. ಈಗ ಸರಿ ಅದ" ಎಂದರು ರಾಯರು.

ಆ 'ಈಗ' ಎಂಬ ಶಬ್ದವನ್ನು ಅವಳು ಗಮನಿಸಲಿಲ್ಲ. ಪರದೆಯನ್ನು ನೋಡದೆ ಗುಂಡಿ ಒತ್ತಿ, ಮುಂಜಾನೆ ಓಣಿಯ ಎಲ್ಲ ಫೋನುಗಳಿಗೂ ಪಾಳಿಯ ಕ್ರಮ ತಾನಾಗಿಯೇ ಹೋಗುವ ಹಾಗೆ ಮಾಡಿ, ಬಳೆ ತೋರಿಸಲು ಅತ್ತೆಯ ಕಡೆ ನಡೆದಳು.

ಮುಂಜಾನೆ ಕಾಶೀಬಾಯಿಯವರು, ಅಂದರೆ ರಾಯರ ಪತ್ನಿ, ರಂಗೋಲಿ ಬುಟ್ಟಿ ಹಿಡಿದು ಬಾಗಿಲು ತೆಗೆದರೆ ಮುಕ್ತಾರ ಅವರ ಮನೆಯ ಮುಂದಿನ ವಾಲ್ವ್ ತಿರುಗಿಸುತ್ತಿದ್ದ.

"ಯಾಕೋ ಮುಕ್ತಾರಾ, ದಾರಿ ತಪ್ಪಿ ಬಂದ್ಯೇನು? ನಮ್ಮದು ಕಡೀ ಮನಿ."

"ಫೋನಿನ್ಯಾಗ ನಿಮ್ಮದs ಮೊದಲ ಐತ್ರಿ ಅಮ್ಮಾ. ಇವತ್ತಿಂದ ನನ್ನ ತಲಿಗೆ ಆರಾಮ. ಫೋನು ಹೇಳ್ತೈತಿ, ನಾ ತಿರುವತೇನಿ."

ಆ ಮನೆಗೆ ಬಂದ ಲಾಗಾಯ್ತು ಸುತಳಿಯಂಥ ನೀರನ್ನಷ್ಟೇ ಕಂಡಿದ್ದ ಕಾಶೀಬಾಯಿಯವರು ನಲ್ಲಿಯ ರಭಸಕ್ಕೆ ದಂಗಾದರು. ಕೊಡ, ಬಕೀಟು, ಹಂಡೆ ತುಂಬಿದವು. ಕುಕ್ಕರು ತುಂಬಿತು. ರಾಯರ ಬೆಳ್ಳಿಯ ಪಂಚಪಾತ್ರೆ ತುಂಬಿತು. ತುಂಬಲು ಏನೂ ಉಳಿಯದಾಗ ಅವರು ಅಂಗಳ ತೊಳೆದರು, ಕಟ್ಟೆ ತೊಳೆದರು, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದರು. ನಮ್ಮ ಓಣಿ ಇಳಿಜಾರು, ಒಂದನೆಯ ಮನೆ ಕೆಳಗಿನ ತುದಿಯಲ್ಲಿ. ಮದುವೆಯ ಮನೆಗೆ ಅಂದು ಬಂದ ಮೊದಲ ನೀರು ಕಾಶೀಬಾಯಿಯವರು ಅಂಗಳ ತೊಳೆದ ನೀರು.

ಪ್ರಭುದಾಸರು ಗೇಟಿನ ಹತ್ತಿರ ನಿಂತು ಆ ನೀರು ಹರಿದು ಬರುವುದನ್ನು ನೋಡಿದರು. ಹಿಂದೆ ಅಡಿಗೆಯವರು ಅಕ್ಕಿ ತೊಳೆಯಲು ಕಾದು ಕೂತಿದ್ದರು. ಪ್ರಭುದಾಸರು ದನಿ ಎತ್ತರಿಸುವವರಲ್ಲ. ಓಣಿಯ ಮೇಲಿನ ತುದಿಯ ತನಕ ನಡೆದು ಬಂದು ಮೆಲ್ಲಗೆ ಕೇಳಿದರು. "ಮುಕ್ತಾರ, ಇವತ್ತ ಮೊದಲ ನಮ್ಮ ಮನಿ ಅಲ್ಲೇನಪಾ?"

"ಫೋನಿನ್ಯಾಗ ನಿಮ್ಮದು ಕಡೀಕ ಐತ್ರಿ ಸರ್."

ಐದು ನಿಮಿಷದಲ್ಲಿ ಓಣಿ ಪೂರಾ ರಾಯರ ಮನೆಯ ಮುಂದೆ ಸೇರಿತು. ಎಲ್ಲರ ಕೈಯಲ್ಲಿ ಫೋನು, ಎಲ್ಲರ ಫೋನಿನಲ್ಲಿ ಅದೇ ಕ್ರಮ. ಇಪ್ಪತ್ತೊಂದು, ಇಪ್ಪತ್ತು, ಹತ್ತೊಂಬತ್ತು, ಹೀಗೆ ಕೆಳಗಿಳಿದು ಕಟ್ಟಕಡೆಗೆ ಒಂದು. ನಡುವೆ ಇದ್ದಲ್ಲೇ ಇದ್ದ ಹನ್ನೊಂದು ನನ್ನದು. ಶಿವಯೋಗೀಶ ಬನಿಯನ್ನಿನ ಮೇಲೆ ಕೋಟು ಹಾಕಿಕೊಂಡು ಬಂದಿದ್ದರು.

"ಅಧ್ಯಕ್ಷರ, ಇದರಾಗ ತಿಳೀಲಾರದ್ದು ಏನೈತ್ರಿ? ಸೊಸಿ ಬರದಾಳ, ಮಾವನ ಮನಿಗೆ ಮೊದಲ ನೀರು ಬಂದೈತಿ. ನಮಗ ತಿಳೀದ ಭಾಷಾದಾಗ ಯಾಕ ಬರದ್ರು ಅಂತ ಈಗ ತಿಳೀತು."

ಪ್ರಾಚಿ ಓಡಿ ಹೋಗಿ ಕೀಬೋರ್ಡಿನ ಜೊತೆ ಲ್ಯಾಪ್‌ಟಾಪ್ ತಂದು ತೆರೆದಳು. ಸಾಲು ನೋಡಿದಳು. "ಇದು ನಾ ಬರದದ್ದಲ್ಲ. ಮುಂದ ಒಂದು ಚಿಹ್ನಿ ಜಾಸ್ತಿ ಅದ. ಅದು ಮುಂದ ಬಂದ್ರ ಎಲ್ಲಾ ಹಿಂದು ಮುಂದು ಆಗ್ತದ."

"ಕಂಪ್ಯೂಟರ್ ನಿಮ್ಮದು. ಕೀಬೋರ್ಡ್ ನಿಮ್ಮದು. ಆ ಭಾಷಾ ಬರೂದು ಈ ಊರಾಗ ನಿಮಗೊಬ್ಬರಿಗೆ" ಎಂದರು ಶಿವಯೋಗೀಶ. "ಮತ್ತ ಚಿಹ್ನಿ ತಾನs ನಡಕೊಂತ ಬಂತೇನು?"

ಆಗ ನಾನು ನೋಡಿದೆ, ಕೆಳಗಿನಿಂದ ಸ್ವೀಟಿ ಬಂದಿದ್ದಳು. ಕೆನ್ನೆಗೆ ಹಚ್ಚಿದ ಅರಿಶಿನ ಇನ್ನೂ ಹಸಿ ಇತ್ತು. ಪ್ರಾಚಿಯನ್ನು ಒಮ್ಮೆ ನೋಡಿದಳು. "ನನ್ನ ಅರಿಶಿಣದ ದಿನಾನs ಸಿಕ್ತೇನು ನಿನಗ?" ಎಂದಳು. ಉತ್ತರಕ್ಕೆ ಕಾಯಲಿಲ್ಲ, ತಿರುಗಿ ನಡೆದುಬಿಟ್ಟಳು. ಪ್ರಾಚಿ ಲ್ಯಾಪ್‌ಟಾಪನ್ನು ಕಟ್ಟೆಯ ಮೇಲೆ ಇಟ್ಟು ಅದರ ಪಕ್ಕದಲ್ಲಿ ಕೂತಳು. ಅಳಲಿಲ್ಲ. ಅತ್ತಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ನಾನು ಅಧ್ಯಕ್ಷನ ಅಧಿಕಾರದಿಂದ ವಾಲ್ವ್ ಬಂದ್ ಮಾಡಿಸಿದೆ. ಒಂದನೆಯ ಮನೆಗೆ ನೀರು ಬಿಡೆಂದು ಮುಕ್ತಾರನಿಗೆ ಹೇಳಿದೆ. ಅವನು ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ತಲೆ ಅಲ್ಲಾಡಿಸಿದ. "ಗ್ರೂಪಿನ್ಯಾಗ ಬರಲಿ ಸಾಹೇಬ್ರ. ಬಾಯಿಮಾತು ಕೇಳಬ್ಯಾಡ ಅಂತ ನೀವs ಹೇಳೀರಿ. ಹೋದ ಸಲ ಬಾಯಿಮಾತು ಕೇಳಿ ನನ್ನ ಸೈಕಲ್ ಹೋತು." ನಮ್ಮ ಓಣಿಯಲ್ಲಿ ಕಟ್ಟಪ್ಪಣೆಯನ್ನು ಪಾಲಿಸಿದ ಮೊದಲ ಮನುಷ್ಯ ಅವನು, ಅದೂ ಅವತ್ತೇ ಆಗಬೇಕಾಯಿತು.

ಇಷ್ಟರಲ್ಲಿ ಒಳಗೆ ಪೂಜೆಗೆ ಕೂತಿದ್ದ ರಮಾಕಾಂತರಾಯರು ಮಡಿಪಂಚೆಯಲ್ಲಿಯೇ ಹೊರಗೆ ಬಂದರು. ಸಂಗತಿ ತಿಳಿಯಿತು. ಸೊಸೆಯ ಮುಖ ನೋಡಿದರು, ಪರದೆಯ ಮೇಲೆ ಸಾಲಿನ ಮುಂದೆ ಕೂತಿದ್ದ ಗುಂಡಗಿನ ಚಿಹ್ನೆಯನ್ನು ನೋಡಿದರು. ಕಂಬ ಹಿಡಿದುಕೊಂಡು ನಿಂತರು.

"ಅಧ್ಯಕ್ಷರ, ಆಕೀದು ತಪ್ಪಿಲ್ಲ. ಅದನ್ನ ನಾ ಹಾಕೀನಿ."

ಪ್ರಭುದಾಸರು ಮುಂದೆ ಬಂದು ರಾಯರ ಕೈ ಹಿಡಿದುಕೊಂಡರು. ಅವರ ಕಣ್ಣು ತೇವವಾಗಿತ್ತು.

"ರಾಯರ, ದೊಡ್ಡ ಮನಸ್ಸು ನಿಮ್ಮದು. ಸೊಸಿ ತಪ್ಪು ಮೈಮ್ಯಾಲೆ ಹಾಕ್ಕೊಳ್ಳೋ ಮಾವನ್ನ ನಾ ಇವತ್ತs ನೋಡಿದ್ದು."

"ಹಂಗಲ್ರಿ, ಖರೇನs ನಾ ತಿದ್ದೀನಿ!"

"ಮಾವ ಅಂದ್ರ ಹಿಂಗಿರಬೇಕು" ಎಂದು ಎಮಿಲಿಯವರು ಸೆರಗಿನಿಂದ ಮೂಗು ಒರೆಸಿಕೊಂಡರು.

"ಅವತ್ತs ಹೇಳಿದ್ದಿಲ್ಲೇನು ನಿಮಗ, ಆಕಿ ಬರೀತಾಳ, ನಾ ತಿದ್ದತೀನಿ ಅಂತ? ಎಲ್ಲಾರೂ ಗೋಣು ಹಾಕಿದ್ರಿ!"

"ಅದು ಮರ್ಯಾದಿಗೆ ಹಾಕಿದ್ದು ಸರ್" ಎಂದರು ಶಿವಯೋಗೀಶ, ಬಹಳ ಗೌರವದಿಂದ.

ರಾಯರು ಹೆಂಡತಿಯ ಕಡೆ ತಿರುಗಿದರು. "ನೀನರ ಹೇಳs!"

ಕಾಶೀಬಾಯಿಯವರು ಪ್ರಾಮಾಣಿಕ ಹೆಂಗಸು. "ಇವರಿಗೆ ಟೀವಿ ರಿಮೋಟ್ ಯಾವ ಕಡೆ ಹಿಡೀಬೇಕು ಅನ್ನೋದು ತಿಳಿಯೂದಿಲ್ರಿ" ಎಂದು ಸಭೆಗೆ ತಿಳಿಸಿದರು. "ಆದ್ರ ಮನಸ್ಸು ಮಾತ್ರ ಬಂಗಾರ."

ರಾಯರು ಹೇಳಿದಷ್ಟೂ ದೊಡ್ಡವರಾದರು. ಅವರು ದೊಡ್ಡವರಾದಷ್ಟೂ ಪ್ರಾಚಿ ಸಣ್ಣವಳಾದಳು. ಇಂಥ ಮಾವ ಹೀಗೆ ಒದ್ದಾಡುತ್ತಿದ್ದರೂ ಈ ಹುಡುಗಿ ಬಾಯಿ ಬಿಟ್ಟು ಒಪ್ಪಿಕೊಳ್ಳಬಾರದೇ ಎಂದು ಯಾರೋ ಹಿಂದಿನಿಂದ ಅಂದರು. ರಾಯರಿಗೆ ಅದು ಕೇಳಿಸಿತು. ಸರ್ವಿಸಿನಲ್ಲಿ ಒಂದು ತಪ್ಪೂ ಒಪ್ಪಿಕೊಳ್ಳದ ಮನುಷ್ಯ, ಒಪ್ಪಿಕೊಳ್ಳಲು ಬಂದ ದಿನ ಕೇಳುವವರಿಲ್ಲ. ನನಗೆ ನಿಜಕ್ಕೂ ಪಾಪ ಅನಿಸಿತು. ಆದರೆ ನಾನೂ ನಂಬಿರಲಿಲ್ಲ.

"ಹಂಗಾರ ಮಾಡಿ ತೋರಸ್ರಿ" ಎಂದೆ. ಅಧ್ಯಕ್ಷನೆಂದ ಮೇಲೆ ಒಂದು ಮಾತನ್ನಾದರೂ ಆಡಬೇಕಲ್ಲ.

ಪ್ರಾಚಿ ಜಾಸ್ತಿಯಾದ ಚಿಹ್ನೆಯನ್ನು ಅಳಿಸಿ, ಸಾಲನ್ನು ಮೊದಲಿನಂತೆ ಮಾಡಿ, ಕೀಬೋರ್ಡನ್ನು ಮಾವನ ಮುಂದೆ ಸರಿಸಿದಳು. ರಾಯರು ಕೂತರು. ಓಣಿಯೆಲ್ಲ ಅವರ ಭುಜದ ಮೇಲಿಂದ ಬಗ್ಗಿತು. ಮೂಲೆಯ ಕೀಲಿ ಹಿಡಿದು ಒತ್ತಿದರು, ಚೌಕ ಬಿತ್ತು. ಇನ್ನೊಂದು ಒತ್ತಿದರು, ತ್ರಿಕೋಣ ಬಿತ್ತು. ಮತ್ತೊಂದು ಒತ್ತಿದರು, ಎರಡು ಚುಕ್ಕೆ ಬಿದ್ದವು. ಹಿಂದಿನ ದಿನ ತಾನಾಗಿ ಬಂದದ್ದು ಈಗ ಎಷ್ಟು ಹುಡುಕಿದರೂ ಸಿಗಲೊಲ್ಲದು. ಬೆವರು ಕನ್ನಡಕದ ಮೇಲೆ ತೊಟ್ಟಿಕ್ಕಿತು.

"ಸಾಕು ಬಿಡ್ರಿ ಸರ್. ನಿಮ್ಮ ಒಳ್ಳೇತನ ನಾವು ನೋಡಿದ್ವಿ" ಎಂದರು ಶಿವಯೋಗೀಶ. ಎಲ್ಲರೂ ಚ್ ಚ್ ಎಂದರು. ಪ್ರಾಚಿಯ ಕಡೆಗೆ ಮಾತ್ರ ಯಾರೂ ನೋಡಲಿಲ್ಲ. ಕೆಳಗಿನಿಂದ ಅಡಿಗೆಯವನ ದನಿ ಬಂತು, ಅಕ್ಕಿ ತೊಳೆಯುವುದೋ ಮನೆಗೆ ಹೋಗುವುದೋ ಎಂದು ಕೇಳುತ್ತಿದ್ದ.

ಪ್ರಾಚಿ ಬಗ್ಗಿ ಚೌಕ, ತ್ರಿಕೋಣ, ಚುಕ್ಕೆಗಳನ್ನೆಲ್ಲ ಅಳಿಸಿದಳು. ಸಾಲು ಮತ್ತೆ ಸರಿಯಾಯಿತು.

"ಹೋಗ್ಲಿ ಬಿಡ್ರಿ ಮಾವಾ" ಎಂದಳು ಮೆಲ್ಲಗೆ. "ಈಗ ಮೊದಲ ಅವರ ಮನಿಗೆ ನೀರು ಹೋಗ್ಲಿ. ಸರಿಯಾದ ಪಾಳಿ ಕಳಸ್ತೀನಿ. ಕಳಸೂಕಿಂತ ಮೊದಲ ಒಮ್ಮೆ ಓದಿ ಪಾಸ್ ಮಾಡ್ರಿ."

ಅವಳು ಬೇಕೆಂದೇ ಹಾಗೆ ಹೇಳಿದಳೋ, ದಣಿದು ರೂಢಿಯ ಮಾತು ಆಡಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ರಾಯರು ಕನ್ನಡಕ ಒರೆಸಿಕೊಂಡರು. ಬೆನ್ನು ನೆಟ್ಟಗಾಯಿತು. ಎದುರಿಗೆ ಬರಹ ಬಂದಿತ್ತು, ಸುತ್ತ ನಿಂತ ಜನ ಅವರಿಗೆ ಮರೆತೇಹೋದರು. ತುಟಿ ಅಲ್ಲಾಡಿಸುತ್ತ ಎಡದಿಂದ ಬಲಕ್ಕೆ ಒಮ್ಮೆ ಓದಿದರು. ಹ್ಞೂಂ ಎಂದರು. ಎರಡನೆಯ ಸಲ ಓದಿದರು.

"ಸರಿ ಅದ. ಏನೂ ತಿದ್ದೂದಿಲ್ಲ" ಎಂದರು.

ಆದರೆ ಕೈ ಬೇರೆ ಹೇಳುತ್ತಿತ್ತು. ಮೊದಲು ಹೆಬ್ಬೆರಳು ಮೂಲೆಯ ಕೀಲಿಯ ಮೇಲೆ ಹೋಗಿ ಕೂತಿತು. ಎಡಗೈ ಇನ್ನೊಂದು ಕೀಲಿಯನ್ನು ಹಿಡಿಯಿತು. ರಾಯರು ಪರದೆಯನ್ನು ನೋಡುತ್ತಲೇ ಇದ್ದರು, ಕೈಯ ಸಂಗತಿ ಅವರಿಗೆ ತಿಳಿದಿರಲಿಲ್ಲ. ಖಾಲಿ ಇದ್ದ ಒಂದು ಬೆರಳು ಎದ್ದು, ಗಾಳಿಯಲ್ಲಿ ಸ್ವಲ್ಪ ಯೋಚಿಸಿ, ಇಳಿಯಿತು.

ಸಾಲಿನ ಮುಂದೆ ಗುಂಡಗಿನ ಚಿಹ್ನೆ ಬಂದು ಕೂತಿತು.

ರಾಯರು ತಮ್ಮ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದರು. ಮೊದಲು ಬಾಯಿ ಬಿಟ್ಟವರು ಶಿವಯೋಗೀಶ. ಅವರಿಗೆ ತಮ್ಮ ಇಡೀ ನೌಕರಿ ಕಣ್ಣ ಮುಂದೆ ಬಂದಿರಬೇಕು.

"ಖರೇ ಐತ್ರಿ! ಇದು ಸೂಪರಿಂಟೆಂಡೆಂಟರ ಕೈ! ನಮ್ಮ ಸಾಹೇಬರೂ ಹಿಂಗs ಇದ್ರು. ಸರಿ ಐತಿ ಅನ್ನಾವ್ರು, ಅನಕೊಂತ ಅನಕೊಂತ ಗೀಟು ಹೊಡ್ಯಾವ್ರು!" ಎಂದವರೇ ಪ್ರಾಚಿಗೆ ಎರಡೂ ಕೈ ಮುಗಿದರು. "ತಂಗಿ, ತಪ್ಪು ತಿಳ್ಕೊಂಡಿದ್ದೆ. ಹೊಟ್ಯಾಗ ಹಾಕ್ಕೋರಿ."

ಪ್ರಭುದಾಸರು ಕೆಳಗೆ ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಪ್ರಾಚಿ ಚಿಹ್ನೆಯನ್ನು ಅಳಿಸಿ ಗುಂಡಿ ಒತ್ತಿದಳು. ಎಲ್ಲರ ಫೋನುಗಳೂ ಒಮ್ಮೆಲೇ ಕಿರುಗುಟ್ಟಿದವು. ಮುಕ್ತಾರ ತನ್ನ ಫೋನನ್ನು ಸಾವಕಾಶವಾಗಿ ಓದಿ, "ಈಗ ಆತು ನೋಡ್ರಿ" ಎಂದು ಕೆಳಗೆ ನಡೆದ. ಒಂದನೆಯ ಮನೆಯ ಹಂಡೆಗೆ ನೀರು ಬಿದ್ದ ಸಪ್ಪಳ ನಮಗೆ ಮೇಲಿನ ತನಕ ಕೇಳಿಸಿತು. ಆ ಸಪ್ಪಳದ ಹಿಂದೆಯೇ ಸ್ವೀಟಿ ಬಂದಳು. ಅಪ್ಪ ಎಲ್ಲ ಹೇಳಿರಬೇಕು, ಅರಿಶಿನದ ಕೆನ್ನೆಯ ಮೇಲೆ ಕಣ್ಣೀರಿನ ಎರಡು ಗೆರೆ ಇದ್ದವು. ಬಂದವಳೇ ಪ್ರಾಚಿಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಪ್ರಾಚಿಯ ಕೆನ್ನೆಗೂ ಅರಿಶಿನ ಹತ್ತಿತು. ಆಗ ಅವಳು ಅತ್ತಳು, ನಮ್ಮೆಲ್ಲರಿಗೂ ಹಗುರವಾಯಿತು.

"ನಾಳೆ ಹತ್ತಕ್ಕs ಚರ್ಚಿನ್ಯಾಗ ಇರಬೇಕು ನೋಡು" ಎಂದು ಹೇಳಿ ಸ್ವೀಟಿ ಹೋದಳು. ಓಣಿಯವರು ತಮ್ಮ ತಮ್ಮ ಪಾಳಿ ಕಾಯಲು ಕರಗಿದರು. ಅಧ್ಯಕ್ಷನಾದವನು ಸಭೆ ಮುಗಿಯಿತೆಂದು ಹೇಳದೆ ಏಳುವ ಹಾಗಿಲ್ಲ, ಹೇಳಲು ಅಲ್ಲಿ ಯಾರೂ ಉಳಿದಿರಲಿಲ್ಲ. ಹೀಗಾಗಿ ನಾನು ಕಟ್ಟೆಯ ತುದಿಯಲ್ಲಿ ಕೂತೇ ಇದ್ದೆ.

ರಾಯರು ಎರಡೂ ಕೈಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ಕೂತಿದ್ದರು.

"ಯಾಕ ಹಾಕಿದ್ರಿ ಮಾವಾ?" ಎಂದು ಪ್ರಾಚಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ರಾಯರು ನೆಲ ನೋಡುತ್ತ ಹೇಳಿದರು. "ತಿದ್ದಲಿಲ್ಲ ಅಂದ್ರ ಓದಿಲ್ಲ ಅಂತ ತಿಳ್ಕೋತಾರವ್ವಾ. ನೀ ದಿನಾ ಅಷ್ಟ ಕಷ್ಟಪಟ್ಟು ಬರೀತಿ, ಮನ್ಯಾಗ ಯಾರೂ ಓದಂಗಿಲ್ಲ. ನಾ ಓದೀನಿ ಅಂತ ನಿನಗ ತಿಳೀಲಿ ಅಂತ ಹಾಕಿದೆ."

ಪ್ರಾಚಿ ಲ್ಯಾಪ್‌ಟಾಪನ್ನು ಇಬ್ಬರ ನಡುವೆ ಎಳೆದುಕೊಂಡಳು. "ಹಂಗಾರ ಓದೂಣು ಬರ್ರಿ. ಆದ್ರ ಇದನ್ನ ಬಲಗಡಿಯಿಂದ ಓದಬೇಕು."

"ಬಲಗಡಿಯಿಂದ?" ಎಂದರು ರಾಯರು. "ನಾ ಎಡಗಡಿಯಿಂದನs ಎರಡೆರಡು ಸಲ ಓದಿದ್ನಲ್ಲ."

ಅವಳು ನಕ್ಕಳು. ಬೆರಳಿಟ್ಟು ಒಂದೊಂದೇ ಚಿಹ್ನೆಯನ್ನು ಬಿಡಿಸಿ ಹೇಳಿದಳು. ಇದು ಮನೆಗಳ ಸಾಲು, ಇದು ತಿರುಗಿಸುವುದು, ಎಷ್ಟು ತಿರುಗಿಸಬೇಕೆಂಬ ಲೆಕ್ಕ ಇದರಲ್ಲಿದೆ. ರಾಯರು ಕೇಳುತ್ತ ಕೇಳುತ್ತ ಪಂಚೆಯಿಂದ ಒಂದು ಕೈ ಹೊರಗೆ ತೆಗೆದರು. ಅದು ಮೆಲ್ಲಗೆ ಕೀಬೋರ್ಡಿನ ಕಡೆ ಸರಿಯಿತು. ಪ್ರಾಚಿ ನೋಡಿದಳು, ಕೀಬೋರ್ಡನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕೈ ಅಲ್ಲಿಯ ತನಕ ಹೋಗಿ ನಿಂತಿತು. ರಾಯರು ಅದನ್ನು ತಾವೇ ಹಿಂದಕ್ಕೆ ತಂದು ತೊಡೆಯ ಮೇಲೆ ಇಟ್ಟುಕೊಂಡರು.

"ಛಲೋ ಬರದೀ" ಎಂದರು. "ತಿದ್ದೂದು ಏನೂ ಇಲ್ಲ."

ಒಳಗೆ ಪಾತ್ರೆಯ ಸಪ್ಪಳ ತಟ್ಟನೆ ನಿಂತಿತು. ಕಾಶೀಬಾಯಿಯವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಓಡಿ ಬಂದು ಗಂಡನ ಹಣೆ ಮುಟ್ಟಿ ನೋಡಿದರು.

"ಏನಂದ್ರಿ? ಆರಾಮ ಇದ್ದೀರಿಲ್ಲೋ?"